ಬೇಲಿ ಗಿಡದ ಬೀಜಾನ ಕುದಿಯೋ ನೀರಲ್ಲಿ ಎಷ್ಟು ಹೊತ್ತು ಹಾಕ್ಬೇಕು? (ಮತ್ತೆ ಅದೇ ಪ್ರಶ್ನೆ)

ಪ್ರಶ್ನೆ: ಮೇಷ್ಟ್ರೇ, ತೋಟದ ಸುತ್ತ ತಂತಿ ಬದಲು ನಮ್ಮ ಕಡೆ ಗಿಡಗಳದ್ದೇ ಬೇಲಿ ಮಾಡೋಣ ಅಂತಿದೀವಿ. ಕವಳಿ, ಬಂದರಿಕೆ, ಸೀಗೆ ಬೀಜ ಸಿಕ್ಕಿದೆ. ಕುದಿಯೋ ನೀರಲ್ಲಿ ಎಷ್ಟು ಹೊತ್ತು ಹಾಕಿಡ್ಬೇಕು?

ಮಳೆ ಹಿಡೀತಿದ್ದಂಗೆ ಈ ಪ್ರಶ್ನೆ ಬಂದೇ ಬರುತ್ತೆ, ಪ್ರತಿ ವರ್ಷ ಉತ್ತರ ಹೇಳ್ತೀನಿ, ಮುಂದಿನ ವರ್ಷ ಮತ್ತೆ ಅದೇ. ಬಿಸಿನೀರು ಬೇಕಾ ಅಂತ ಒಬ್ರೂ ಕೇಳಲ್ಲ ನೋಡಿ, ಎಷ್ಟು ಹೊತ್ತು ಅಂತಾನೇ ಕೇಳೋದು. ಹಾಕಲೇಬೇಕು ಅಂತ ಆಗ್ಲೇ ತೀರ್ಮಾನ ಆಗೋಗಿರುತ್ತೆ.

ಸೀಗೆಗೆ ಬೇಕು, ಬಂದರಿಕೆಗೆ ಬೇಕು. ಕವಳಿಗೆ ಬೇಡವೇ ಬೇಡ. ಹಾಕಿದ್ರೆ ಬೀಜ ಬೆಂದೋಗುತ್ತೆ, ಆಮೇಲೆ ನೀವು ತಿಂಗಳುಗಟ್ಟಲೆ ನೀರು ಹಾಕ್ಕೊಂಡು ಕಾದ್ರೂ ಏನೂ ಬರಲ್ಲ, ಕೊನೆಗೆ "ಕವಳಿ ಬೀಜದಿಂದ ಬರಲ್ಲ ಬಿಡ್ರೀ" ಅಂತ ಊರೆಲ್ಲಾ ಹೇಳ್ಕೊಂಡು ಬರ್ತೀರಿ. ಒಂದು ಸುಳ್ಳು ನಂಬಿ ಇನ್ನೊಂದು ಸುಳ್ಳು ಹುಟ್ಟಿಸೋದು ಹಿಂಗೇ.

ಈ ಬಿಸಿನೀರಿನ ವಿಷಯ ಸುಳ್ಳಲ್ಲ, ಅದೇ ತೊಂದ್ರೆ. ಕೆಲವು ಬೀಜಕ್ಕೆ ಅದು ನೂರಕ್ಕೆ ನೂರು ನಿಜ. ಸೀಗೆ, ಜಾಲಿ, ಕಗ್ಗಲಿ ಜಾತಿ ಬೀಜಗಳ ಸಿಪ್ಪೆ ಎಷ್ಟು ಗಟ್ಟಿ ಅಂದ್ರೆ ನೀರು ಒಳಗೇ ಇಳಿಯಲ್ಲ, ಒಳಗಿರೋ ಮೊಳಕೆ ಚೆನ್ನಾಗೇ ಇರುತ್ತೆ, ಆದ್ರೆ ನೀರು ಸಿಗದೆ ಏಳಲ್ಲ. ಕಾಡಲ್ಲಿ ಬಿಸಿಲಿನ ಕಾವು, ಬೆಂಕಿ, ದನ ಆಡುಗಳ ಹೊಟ್ಟೆ ಇವೆಲ್ಲ ಸೇರಿ ಆ ಸಿಪ್ಪೆನ ಸಡಿಲ ಮಾಡ್ತವೆ, ಮನೇಲಿ ನಾವು ಬಿಸಿನೀರಲ್ಲಿ ಆ ಕೆಲಸ ಮಾಡ್ತೀವಿ. ಬಿಸಿ ತಾಗಿದ್ರೆ ಸಿಪ್ಪೆಯ ಒಂದು ಸಣ್ಣ ಜಾಗ ಬಿಟ್ಕೊಂಡು ನೀರು ಒಳಗಿಳಿಯುತ್ತೆ. ಅಷ್ಟೇ ಅದರ ಕೆಲಸ, ಬೀಜಕ್ಕೆ ಶಕ್ತಿ ಗಿಕ್ತಿ ಏನೂ ಬರಲ್ಲ. ಈಗ ನೀವೇ ಹೇಳಿ, ಸಿಪ್ಪೆ ಮೊದಲೇ ತೆಳ್ಳಗಿದ್ದು ನೀರು ಆರಾಮಾಗಿ ಇಳಿಯೋ ಬೀಜಕ್ಕೆ ಕುದಿಯೋ ನೀರು ಹಾಕಿದ್ರೆ ಏನಾಗುತ್ತೆ? ಅಕ್ಕಿಗೆ ಏನಾಗುತ್ತೋ ಅದೇ.

ಇದು ಎಲ್ಲಿಂದ ಹಬ್ಬಿತು ಅಂತ ನನಗೊಂದು ಅಂದಾಜಿದೆ. 80ರ ದಶಕದಲ್ಲಿ ಸಾಮಾಜಿಕ ಅರಣ್ಯ ಅಂತ ಊರೂರಲ್ಲಿ ನರ್ಸರಿ ಆದ್ವಲ್ಲ, ಆಗ ಅಕೇಶಿಯಾ, ಸುಬಾಬುಲ್ ಸಸಿ ರಾಶಿ ರಾಶಿ ಬೆಳೆಸಿದ್ರು, ಆ ಎರಡಕ್ಕೂ ಬಿಸಿನೀರು ಬೇಕೇ ಬೇಕು. ನೋಡಿದವರು ಬೀಜದ ಹೆಸರು ಮರೆತ್ರು, ಬಿಸಿನೀರು ಮಾತ್ರ ನೆನಪಿಟ್ಕೊಂಡ್ರು. ಈಗ ಅದನ್ನೇ ವಿಡಿಯೋ ಮಾಡಿ ಬೇವಿನ ಬೀಜಕ್ಕೂ ಹೊಂಗೆ ಬೀಜಕ್ಕೂ ಹಾಕಿ ಅಂತಾರೆ. ಅಯ್ಯೋ, ಹೊಂಗೆಗೆ ಏನೂ ಬೇಡ ಮಾರಾಯ್ರೇ, ಕಾಯಿ ಬಿಡಿಸಿ ಮಣ್ಣಿಗೆ ಒತ್ತಿ ಸಾಕು. ಬೇವಿನ ಬೀಜಕ್ಕೆ ಬೇಕಿರೋದು ಅವಸರ, ಹಣ್ಣು ಉದುರಿದ ಕೆಲವೇ ವಾರದಲ್ಲಿ ಜೀವ ಹೋಗುತ್ತೆ ಅದಕ್ಕೆ.

ಯಾರನ್ನೂ ಕೇಳದೆ ತಿಳ್ಕೊಳ್ಳೋ ದಾರಿ ಇದೆ. ಹತ್ತು ಬೀಜ ತಗೊಂಡು ರಾತ್ರಿ ಮಾಮೂಲಿ ತಣ್ಣೀರಲ್ಲಿ ಹಾಕಿಡಿ. ಬೆಳಿಗ್ಗೆ ಉಬ್ಬಿದ್ರೆ ಬಿಸಿನೀರು ಬೇಡ. ಕಲ್ಲಿನಂಗೆ ಹಂಗೇ ಇದ್ರೆ ಬೇಕು. ಇಷ್ಟೇ.

ಸರಿ, ಬೇಕಾದವಕ್ಕೆ ಹೆಂಗೆ ಅಂದ್ರೆ, ನೀರು ಕುದಿಸಿ, ಒಲೆಯಿಂದ ಇಳಿಸಿ, ಒಂದೆರಡು ನಿಮಿಷ ಬಿಟ್ಟು ಸೀಗೆ ಬೀಜ ಹಾಕಿ, ಹಂಗೇ ರಾತ್ರಿಯೆಲ್ಲ ಆರಕ್ಕೆ ಬಿಡಿ. ಒಲೆ ಮೇಲೇ ಇಟ್ಟು ಕುದಿಸಬೇಡಿ, ಇದನ್ನ ದೊಡ್ಡ ಅಕ್ಷರದಲ್ಲಿ ಬರೆದ್ರೂ ಯಾರಾದ್ರೂ ಮಾಡೇ ಮಾಡ್ತಾರೆ. ಬೆಳಿಗ್ಗೆ ಉಬ್ಬಿದ್ದನ್ನ ಬಿತ್ತಿ, ಉಬ್ಬದೇ ಇದ್ದದ್ದಕ್ಕೆ ಇನ್ನೊಂದ್ ಸಲ ಮಾಡಿ. ಬಂದರಿಕೆ ಬೀಜ ತೀರಾ ಸಣ್ಣದು, ಬಿಸಿನೀರಲ್ಲಿ ಒಂದೆರಡು ನಿಮಿಷ ಸಾಕು, ಆಮೇಲೆ ತಣ್ಣೀರಿಗೆ ಹಾಕಿ. ಇನ್ನು ಗಜ್ಜುಗ ಇದೆಯಲ್ಲ, ಚಿಕ್ಕವರಿದ್ದಾಗ ಕಲ್ಲಿಗೆ ಉಜ್ಜಿ ಪಕ್ಕದವನ ಕೈಗೆ ಚುರುಕು ಮುಟ್ಟಿಸ್ತಿದ್ವಲ್ಲ ಅದೇ, ಅದಕ್ಕೆ ಬಿಸಿನೀರೂ ಸಾಲದು. ಸಮುದ್ರದಲ್ಲಿ ತೇಲಾಡ್ಕೊಂಡು ಹೋಗಿ ಬೇರೆ ದಡದಲ್ಲಿ ಹುಟ್ಟೋ ಬೀಜ ಅದು. ತೊಟ್ಟಿನ ಗುರುತಿರೋ ಕಡೆ ಬಿಟ್ಟು ಎದುರುಗಡೆ ಒರಟು ಕಲ್ಲಿಗೆ ಉಜ್ಜಿ, ಒಳಗಿನ ಬಿಳಿ ಕಾಣ್ತಿದ್ದಂಗೆ ನಿಲ್ಲಿಸಿ, ತಣ್ಣೀರಲ್ಲಿ ನೆನೆಸಿ. ಉಜ್ಜೋ ಅಭ್ಯಾಸ ಎಲ್ಲರಿಗೂ ಇದ್ದೇ ಇರುತ್ತೆ.

ಕವಳಿಗೆ ಬೇಕಿರೋದು ತಾಜಾ ಹಣ್ಣು. ಮೇ, ಜೂನಲ್ಲಿ ಕಪ್ಪಗಾಗಿರೋ ಹಣ್ಣು ತಗೊಳ್ಳಿ, ಉಪ್ಪಿನಕಾಯಿಗೆ ಹಾಕೋ ಹಸಿರು ಕಾಯಿ ಅಲ್ಲ. ಹಿಚುಕಿ ಬೀಜ ತೆಗೆದು, ಅಂಟು ಹೋಗೋ ತನಕ ಮರಳಲ್ಲಿ ಉಜ್ಜಿ ತೊಳೆದು, ನೆರಳಲ್ಲಿ ಒಂದಿನ ಆರಿಸಿ ಬಿತ್ತಿಬಿಡಿ. ಡಬ್ಬೀಲಿ ಹಾಕಿ ಮುಂದಿನ ವರ್ಷ ನೋಡೋಣ ಅಂದ್ರೆ ಆಗಲ್ಲ. ಬೀಜ ಸಿಕ್ಕಿದೆ ಅಂದ್ರಲ್ಲ, ಯಾವಾಗಿನದು ಅಂತ ಮೊದಲು ಕೇಳಿ.

ಸಸಿ ಬೆಳೆಸೋ ಪ್ಲಾಸ್ಟಿಕ್ ಕವರ್ ಉದ್ದ ಇರಲಿ, ಬೇರು ಮೊದಲು ನೇರ ಕೆಳಗಿಳಿಯುತ್ತೆ, ಗಿಡ್ಡ ಕವರಲ್ಲಿ ಸುತ್ಕೊಂಡು ಕೂತ್ರೆ ನೆಲಕ್ಕೆ ಹೋದ್ಮೇಲೂ ಸುಧಾರಿಸಲ್ಲ. ಹಾಲಿನ ಪ್ಯಾಕೆಟ್ಟಿಗೆ ತೂತು ಮಾಡಿದ್ರೂ ನಡಿಯುತ್ತೆ. ಕವಳಿ ಮೊದಲ ವರ್ಷ ಏಳೋದೇ ನಿಧಾನ, ಮುಂದಿನ ಮಳೆಗೆ ನೆಲಕ್ಕೆ ಹಾಕಿ, ಎರಡು ಮೂರಡಿಗೊಂದು, ಎರಡು ಸಾಲು ಓರೆಯಾಗಿ. ಒಂದೂವರೆ ಅಡಿ ಆದ ತಕ್ಷಣ ತುದಿ ಕತ್ತರಿಸಿ. ಹೊಟ್ಟೆ ಉರಿಯುತ್ತೆ ಗೊತ್ತು, ಆದ್ರೂ ಕತ್ತರಿಸಿ, ಇಲ್ಲಾಂದ್ರೆ ಮೇಲೆ ಪೊದೆ ಕೆಳಗೆ ಬಾಗಿಲು, ನಾಯಿ ಕುರಿ ಎಲ್ಲ ಅಲ್ಲೇ ನುಗ್ಗೋದು. ಬಂದರಿಕೆಗೆ ಮುಳ್ಳಿಲ್ಲ ಆದ್ರೆ ಆಡು ಬಾಯಿ ಹಾಕಲ್ಲ, ಒಣ ಭೂಮೀಲಿ ಅದಕ್ಕಿಂತ ಒಳ್ಳೇದು ಸಿಗಲ್ಲ. ಸೀಗೆ ದೊಡ್ಡ ತೋಟಕ್ಕೆ ಸರಿ, 30×40 ಸೈಟಲ್ಲಿ ಹಾಕಿದ್ರೆ ಪಕ್ಕದ ಮನೆಯವರ ಜೊತೆ ಮಾತುಕತೆ ನಿಂತೋಗುತ್ತೆ. ಸೀಮೆಹುಣಸೆ, ಗ್ಲಿರಿಸಿಡಿಯಾ, ಡುರಾಂಟ ಕೇಳೋರಿಗೆ: ಬೇಲಿ ಆಗುತ್ತೆ, ಆದ್ರೆ ಮೂರೂ ಅಮೆರಿಕ ಖಂಡದ ಕಡೆಯವು.

ಕವಳಿ ಬೇಲಿ ನಿಜವಾಗ್ಲೂ ತಡೆಯುತ್ತಾ ಅಂತ ಯಾರೂ ಕೇಳಿಲ್ಲ, ಆದ್ರೂ ಹೇಳ್ತೀನಿ. ಬ್ರಿಟಿಷರು ಉಪ್ಪಿನ ಸುಂಕ ತಪ್ಪಿಸೋರನ್ನ ಹಿಡಿಯಕ್ಕೆ ಸಿಂಧೂ ನದಿ ಕಡೆಯಿಂದ ಮಹಾನದಿ ತನಕ ಒಂದು ಕಾವಲು ಗೆರೆ ಎಳೆದಿದ್ರು, ನಮ್ಮ ಕಡೆಗೆ ಬಂದಿರ್ಲಿಲ್ಲ ಅದು. ಮೊದಲು ಒಣ ಮುಳ್ಳು ಒಟ್ಟಿದ್ರು, ಗೆದ್ದಲು ತಿಂತು, ಬೆಂಕಿ ಬಿತ್ತು, ಗಾಳಿಗೆ ಹಾರೋಯ್ತು. 1867ರಿಂದ 1870ರ ತನಕ ಅಲ್ಲಿ ಸುಂಕದ ಕಮಿಷನರ್ ಆಗಿದ್ದ ಎ. ಓ. ಹ್ಯೂಮ್, 1885ರಲ್ಲಿ ಕಾಂಗ್ರೆಸ್ ಶುರು ಮಾಡೋದ್ರಲ್ಲಿ ಮುಂದಿದ್ನಲ್ಲ ಅದೇ ಹ್ಯೂಮ್, ಜೀವಂತ ಬೇಲಿನೇ ಬೆಳೆಸೋಣ ಅಂತ ಹಟ ಹಿಡಿದ. ಮಣ್ಣು ನೋಡ್ಕೊಂಡು ಒಂದೊಂದು ಕಡೆ ಒಂದೊಂದು ಗಿಡ: ಬೋರೆ, ಜಾಲಿ, ಕವಳಿ, ಕಳ್ಳಿ. ಮಣ್ಣು ಸರಿ ಇಲ್ಲದ ಕಡೆ ಗುಂಡಿ ತೋಡಿ ಬೇರೆ ಮಣ್ಣು ತುಂಬ್ಸಿದ್ರು. ಚೆನ್ನಾಗಿ ಬಂದ ಕಡೆ ಹತ್ತು ಹದಿನಾಲ್ಕು ಅಡಿ ಎತ್ತರ ಆಗಿತ್ತಂತೆ. 1879ರಲ್ಲಿ ಆ ಸುಂಕದ ಗೆರೆನೇ ಕೈಬಿಟ್ರು, ಬೇಲಿನೂ ಹಾಳಾಯ್ತು.

ಅದ್ರಲ್ಲಿ ಕಳ್ಳಿ ಇತ್ತಲ್ಲ, ನಾವೂ ಹಾಕೋಣ್ವಾ ಅಂತ ಈಗ ಕೇಳ್ತೀರಿ. ಬೀಜ ಬೇಡ, ತುಂಡು ನೆಟ್ರೆ ಬರುತ್ತೆ, ಆದ್ರೆ ಅದರ ಹಾಲು ಕಣ್ಣಿಗೆ ಬಿದ್ರೆ ಆಸ್ಪತ್ರೆಗೆ ಓಡ್ಬೇಕು. ಮಕ್ಕಳು ಓಡಾಡೋ ಕಡೆ ಬೇಡ.