ವಾರ್ ರಿಕ್ವಿಯೆಮ್: ಪ್ರಾರ್ಥನೆಗೆ ಎದುರಾಡುವ ಕವಿತೆ

ರಿಕ್ವಿಯೆಮ್ ಎಂದರೆ ಕ್ಯಾಥೊಲಿಕ್ ಚರ್ಚಿನಲ್ಲಿ ತೀರಿಕೊಂಡವರ ಶಾಂತಿಗಾಗಿ ನಡೆಯುವ ಪೂಜೆ. ಕನ್ನಡದ ಕ್ಯಾಥೊಲಿಕರು ಪೂಜೆಗೆ ‘ಬಲಿಪೂಜೆ’ ಎನ್ನುತ್ತಾರೆ. ಈ ‘ಬಲಿ’ ಅನ್ನುವ ಪದ ನೆನಪಿರಲಿ, ಆಮೇಲೆ ಬೇಕಾಗುತ್ತದೆ.

ಇಂಗ್ಲೆಂಡಿನ ಕವೆಂಟ್ರಿಯ ಹಳೆಯ ಕ್ಯಾಥೆಡ್ರಲ್ 1940ರ ನವೆಂಬರ್ 14ರ ರಾತ್ರಿ ಜರ್ಮನ್ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಪಾಳುಗೋಡೆಗಳನ್ನು ಹಾಗೇ ಉಳಿಸಿ, ಪಕ್ಕದಲ್ಲೇ ಹೊಸದನ್ನು ಕಟ್ಟಿದರು. ಅದು ತೆರೆದ ಸಂದರ್ಭಕ್ಕೆ ಇಂಗ್ಲಿಷ್ ಸಂಗೀತಕಾರ ಬೆಂಜಮಿನ್ ಬ್ರಿಟ್ಟನ್ ರಚಿಸಿದ ಕೃತಿ ‘ವಾರ್ ರಿಕ್ವಿಯೆಮ್’. ಮೊದಲ ಪ್ರದರ್ಶನ 1962ರ ಮೇ 30ರಂದು. ಬ್ರಿಟ್ಟನ್ ಯುದ್ಧವನ್ನೇ ಒಪ್ಪದ ಮನುಷ್ಯ. ಲ್ಯಾಟಿನ್ ಪ್ರಾರ್ಥನೆಯ ನಡುನಡುವೆ ಅವರು ವಿಲ್ಫ್ರೆಡ್ ಓವೆನ್‌ನ 9 ಇಂಗ್ಲಿಷ್ ಕವಿತೆಗಳನ್ನು ಇಟ್ಟರು. ಓವೆನ್ ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಕವಿ. 1918ರ ನವೆಂಬರ್ 4ರಂದು ರಣರಂಗದಲ್ಲೇ ಸತ್ತ. ಆಗ ಅವನಿಗೆ 25 ವರ್ಷ. ಇನ್ನೊಂದೇ ವಾರಕ್ಕೆ ಯುದ್ಧ ನಿಂತಿತು.

ಹಾಡುವವರು ಮೂರು ಗುಂಪು. ಸೊಪ್ರಾನೊ (ಎತ್ತರದ ದನಿಯ ಗಾಯಕಿ) ಮತ್ತು ದೊಡ್ಡ ಕೋರಸ್ ಲ್ಯಾಟಿನ್ ಹಾಡುತ್ತಾರೆ. ಟೆನರ್ (ಎತ್ತರದ ಗಂಡುದನಿ), ಬ್ಯಾರಿಟೋನ್ (ಅದಕ್ಕಿಂತ ತಗ್ಗಿನ ಗಂಡುದನಿ) ಇಬ್ಬರೂ ಸೈನಿಕರಾಗಿ, ಚಿಕ್ಕ ವಾದ್ಯವೃಂದದ ಜೊತೆ ಓವೆನ್‌ನ ಮಾತು ಹಾಡುತ್ತಾರೆ. ಹುಡುಗರ ಕೋರಸ್ ಮಾತ್ರ ದೂರದಲ್ಲಿ, ಆರ್ಗನ್ ಜೊತೆ.

ನನ್ನನ್ನು ಜಾಸ್ತಿ ಕಾಡುವುದು ಮೂರನೆಯ ಭಾಗ, ಆಫರ್ಟೋರಿಯಮ್, ಅಂದರೆ ಪೂಜೆಯಲ್ಲಿ ಕಾಣಿಕೆ ಅರ್ಪಿಸುವ ಹೊತ್ತಿನ ಪ್ರಾರ್ಥನೆ. ಅಬ್ರಹಾಮನಿಗೂ ಅವನ ಸಂತತಿಗೂ ಮಾತು ಕೊಟ್ಟಿದ್ದೀಯಲ್ಲ ಎಂದು ಕೋರಸ್ ದೇವರಿಗೆ ನೆನಪಿಸುತ್ತದೆ. ಸಂಗೀತ ಲವಲವಿಕೆಯಿಂದಿದೆ. ಕೂಡಲೇ ಓವೆನ್‌ನ ಕವಿತೆ ಅದೇ ಅಬ್ರಹಾಮನ ಕಥೆಯನ್ನು ಕೈಗೆತ್ತಿಕೊಳ್ಳುತ್ತದೆ. ಬೈಬಲಿನಲ್ಲಿ ದೇವರ ಮಾತಿನಂತೆ ಅಬ್ರಹಾಮ ಮಗನನ್ನೇ ಬಲಿಕೊಡಲು ಹೊರಟಾಗ ದೇವದೂತ ತಡೆಯುತ್ತಾನೆ, ಮಗ ಇಸಾಕ ಬದುಕುತ್ತಾನೆ, ಟಗರು ಬಲಿಯಾಗುತ್ತದೆ. ಓವೆನ್‌ನ ಕವಿತೆಯಲ್ಲಿ ಟಗರು ಕಣ್ಣೆದುರೇ ಇದ್ದರೂ ಮುದುಕ ಕೇಳುವುದಿಲ್ಲ. ಮಗನನ್ನು ಕೊಲ್ಲುತ್ತಾನೆ. ಯುರೋಪಿನ ಅರ್ಧ ಸಂತತಿಯನ್ನೂ ಒಬ್ಬೊಬ್ಬರನ್ನಾಗಿ ಕೊಲ್ಲುತ್ತಾನೆ. ನಾನಿಲ್ಲಿ ಸಂತತಿ ಎಂದದ್ದಕ್ಕೆ ಎರಡೂ ಭಾಷೆಗಳಲ್ಲಿ ಇರುವುದು ‘ಬೀಜ’ ಎಂಬ ಪದ. ಕೊಂಡಿ ಅಲ್ಲೇ ಇದೆ.

ಕವಿತೆಯ ಆ ಕೊನೆಯ ಸಾಲನ್ನು ಇಬ್ಬರು ಸೈನಿಕರೂ ಬಿಡದೆ ಹೇಳುತ್ತಿರುವಾಗಲೇ ದೂರದಿಂದ ಹುಡುಗರು ಲ್ಯಾಟಿನ್‌ನಲ್ಲಿ ಶುರುಮಾಡುತ್ತಾರೆ: ದೇವರೇ, ನಿನಗೆ ಬಲಿ ಅರ್ಪಿಸುತ್ತೇವೆ. ಹಾಡುತ್ತಿರುವುದು ಯಾರು ನೋಡಿ. ಮಕ್ಕಳು! ನನಗೆ ಇಲ್ಲಿ ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ಆಮೇಲೆ ಕೋರಸ್ ಅಬ್ರಹಾಮನ ಸಾಲಿಗೆ ಮರಳಿದಾಗ ಹಳೆಯ ಲವಲವಿಕೆ ಇಲ್ಲ. ಸ್ವರಗಳ ಏರಿಳಿತ ತಲೆಕೆಳಗಾಗಿದೆ, ದನಿ ಪಿಸುಮಾತಿಗೆ ಇಳಿದಿದೆ.

ಕೃತಿಯುದ್ದಕ್ಕೂ ಕಾಡುವ ಸ್ವರಜೋಡಿ ಪಾಶ್ಚಾತ್ಯ ಸಂಗೀತದ ಸಿ ಮತ್ತು ಎಫ್ ಶಾರ್ಪ್, ಒಂದಕ್ಕೊಂದು ಹೊಂದದ ಸ್ವರಗಳು. ಸಿಯನ್ನು ಷಡ್ಜ ಮಾಡಿಕೊಂಡರೆ ಎಫ್ ಶಾರ್ಪ್ ಪ್ರತಿಮಧ್ಯಮ. ಗಂಟೆಗಳು ಬಾರಿಸುವುದೂ ಇವನ್ನೇ. ಮೊದಲ, ಎರಡನೆಯ ಮತ್ತು ಕೊನೆಯ ಭಾಗ ಮುಗಿಯುವಾಗ ಕೋರಸ್ ಈ ಜೋಡಿಯಿಂದ ಮೆಲ್ಲಗೆ ಎಫ್ ಮೇಜರ್ ಎಂಬ ಹಿತವಾದ ಸ್ವರಗುಚ್ಛಕ್ಕೆ ಇಳಿಯುತ್ತದೆ. ಮೊದಲ ಸಲ ಕೇಳುವಾಗ ಬೇರೆಲ್ಲ ಬಿಟ್ಟು ಈ ಮೂರು ಕಡೆ ಕಿವಿಗೊಡಿ.