ಕತೆಗೆ ದಾರಿ ಬಿಟ್ಟ ಗಿಟಾರು

ಇಂಗ್ಲೆಂಡಿನ ಹಳೆಯ ಜನಪದ ಹಾಡುಗಳು ರಾಕ್ ಸಂಗೀತದೊಡನೆ ಬೆರೆತ ಬಗೆಯನ್ನು ತಿಳಿಯಲು ‘ಫೇರ್‌ಪೋರ್ಟ್ ಕನ್ವೆನ್ಷನ್’ ತಂಡವು 1969ರ ಡಿಸೆಂಬರಿನಲ್ಲಿ ಹೊರತಂದ ‘ಲೀಜ್ ಅಂಡ್ ಲೀಫ್’ ಆಲ್ಬಮ್ಮಿಗಿಂತ, ಅದರ ಹಿಂದಿನ ಏಳು ತಿಂಗಳುಗಳನ್ನು ಮೊದಲು ನೋಡಬೇಕು. ಆ ವರ್ಷದ ಮೇ 12ರಂದು, ಬರ್ಮಿಂಗ್‌ಹ್ಯಾಮಿನಲ್ಲಿ ಕಾರ್ಯಕ್ರಮ ಮುಗಿಸಿ ಮರಳುತ್ತಿದ್ದ ತಂಡದ ವ್ಯಾನು ಹೆದ್ದಾರಿಯಲ್ಲಿ ಅಪಘಾತಕ್ಕೀಡಾಗಿ, 19 ವರ್ಷದ ಡ್ರಮ್ ವಾದಕ ಮಾರ್ಟಿನ್ ಲ್ಯಾಂಬಲ್ ಹಾಗೂ ಗಿಟಾರ್ ವಾದಕ ರಿಚರ್ಡ್ ಥಾಂಪ್ಸನ್ ಅವರ ಗೆಳತಿ ತೀರಿಕೊಂಡರು.

ಅಪಘಾತಕ್ಕೆ ಮುಂಚೆ ನುಡಿಸುತ್ತಿದ್ದ ಹಾಡುಗಳನ್ನೇ ಮತ್ತೆ ನುಡಿಸಲು ಉಳಿದವರಿಗೆ ಮನಸ್ಸಾಗಲಿಲ್ಲ. ಬೇಸ್ ಗಿಟಾರಿನ ಆಶ್ಲಿ ಹಚಿಂಗ್ಸ್ ಜನಪದ ಹಾಡುಗಳ ಸಂಗ್ರಹವಿರುವ ಲಂಡನ್ನಿನ ಸೆಸಿಲ್ ಶಾರ್ಪ್ ಹೌಸ್ ಗ್ರಂಥಾಲಯದಲ್ಲಿ ಹಳೆಯ ಕಥನಗೀತೆಗಳನ್ನು ಹುಡುಕತೊಡಗಿದರು. ಪಿಟೀಲು ವಾದಕ ಡೇವ್ ಸ್ವಾರ್‌ಬ್ರಿಕ್ ತಂಡಕ್ಕೆ ಸೇರಿದರು. ಹ್ಯಾಂಪ್‌ಶೈರಿನ ಹಳ್ಳಿಯೊಂದರ ಮನೆಯಲ್ಲಿ ತಾಲೀಮು ನಡೆಯಿತು.

ಇದರ ಫಲವನ್ನು ‘ಮ್ಯಾಟಿ ಗ್ರೋವ್ಸ್’ ಹಾಡಿನಲ್ಲಿ ಕೇಳಬಹುದು. ಒಡೆಯನಿಲ್ಲದ ವೇಳೆ ಅವನ ಹೆಂಡತಿ ಬಡ ಯುವಕನೊಬ್ಬನನ್ನು ಮನೆಗೆ ಕರೆಯುತ್ತಾಳೆ. ಆಳು ಹೊಳೆ ಈಜಿ ಹೋಗಿ ಸುದ್ದಿ ಮುಟ್ಟಿಸುತ್ತಾನೆ. ಮರಳಿ ಬಂದ ಒಡೆಯ ತನ್ನೆರಡು ಕತ್ತಿಗಳಲ್ಲಿ ಒಳ್ಳೆಯದನ್ನೇ ಯುವಕನಿಗೆ ಕೊಟ್ಟು ಕಾದಾಡಿ ಕೊಲ್ಲುತ್ತಾನೆ, ಹೆಂಡತಿಯನ್ನೂ ಉಳಿಸುವುದಿಲ್ಲ. ಇಬ್ಬರಿಗೂ ಒಂದೇ ಗುಂಡಿ ತೋಡಿಸಿದರೂ, ಕುಲೀನಳಾದ ಅವಳನ್ನು ಮೇಲೆಯೇ ಇಡಬೇಕೆಂಬ ಅವನ ಅಪ್ಪಣೆ ಕೊಲೆಗಿಂತ ಹೆಚ್ಚು ನಡುಕ ಹುಟ್ಟಿಸುತ್ತದೆ. ತಂಡದ ಗಾಯಕಿ ಸ್ಯಾಂಡಿ ಡೆನಿ ಇದನ್ನೆಲ್ಲ ಅಳುಕಿಲ್ಲದೆ, ನಮ್ಮ ಲಾವಣಿಕಾರರಂತೆ ಕಣ್ಣಾರೆ ಕಂಡವರ ಧಾಟಿಯಲ್ಲಿ ಹೇಳುತ್ತಾ ಹೋಗುವಾಗ ಥಾಂಪ್ಸನ್ ಗಿಟಾರು ಲಯವನ್ನು ಒತ್ತಿ ಹಿಡಿದು ಕಾಯುತ್ತದೆ. ಕತೆ ಮುಗಿದ ಮೇಲೆಯೇ ಗಿಟಾರು, ಪಿಟೀಲುಗಳೆರಡೂ ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತವೆ. ಎಂಟು ನಿಮಿಷದ ಹಾಡಿನಲ್ಲಿ ಅಷ್ಟು ಹೊತ್ತು ಕೈ ಬಿಗಿಹಿಡಿಯುವುದು, ಗಿಟಾರ್ ವಾದಕರು ಮೆರೆಯುತ್ತಿದ್ದ ಆ ಕಾಲಕ್ಕೆ, ಸಣ್ಣ ಮಾತಲ್ಲ.

ಜೋ ಬಾಯ್ಡ್ ನಿರ್ಮಿಸಿದ ಆಲ್ಬಮ್ ಅಂಗಡಿಗೆ ಬರುವ ಹೊತ್ತಿಗೆ ಡೆನಿ, ಹಚಿಂಗ್ಸ್ ಇಬ್ಬರೂ ತಂಡ ತೊರೆದಿದ್ದರು. ಹಚಿಂಗ್ಸ್ ‘ಸ್ಟೀಲೈ ಸ್ಪ್ಯಾನ್’ ಎಂಬ ಮತ್ತೊಂದು ತಂಡ ಕಟ್ಟಿದರು. 2006ರಲ್ಲಿ ಬಿಬಿಸಿ ರೇಡಿಯೋ 2ರ ಕೇಳುಗರು ‘ಲೀಜ್ ಅಂಡ್ ಲೀಫ್’ ಅನ್ನು ಅತ್ಯಂತ ಪ್ರಭಾವಿ ಜನಪದ ಆಲ್ಬಮ್ ಎಂದು ಆರಿಸಿದರು.

ನನಗೆ ಮಾತ್ರ ಹೆಚ್ಚು ಕಾಡುವುದು ಕೊನೆಯ ಹಾಡಾದ ‘ಕ್ರೇಜಿ ಮ್ಯಾನ್ ಮೈಕಲ್’. ಹಳೆಯದೆಂಬಂತೆ ಕೇಳಿಸಿದರೂ ಇದು ಸಂಗ್ರಹದಿಂದ ಬಂದದ್ದಲ್ಲ. ಇಪ್ಪತ್ತರ ಥಾಂಪ್ಸನ್ ಬರೆದ ಸಾಲುಗಳು, ಸ್ವಾರ್‌ಬ್ರಿಕ್ ರಾಗ. ಅದರಲ್ಲಿ ಮೈಕಲ್, ಕೇಡು ನುಡಿದ ಕಾಡುಕಾಗೆಯನ್ನು ಸಿಟ್ಟಿನಿಂದ ಇರಿಯುತ್ತಾನೆ. ನೆಲದ ಮೇಲೆ ಸತ್ತು ಬಿದ್ದಿರುವುದು ಅವನು ಪ್ರೀತಿಸಿದವಳು.