ಗುಂಪಿನಲ್ಲೂ ಕಣ್ಣಿಗೆ ಬೀಳುವ ಹೆದರಿದ ಮುಖ

ಹೋಳಿ ಮುಗಿದ ಮೇಲೆ ಕಲಬುರಗಿಯಲ್ಲಿ ಶರಣಬಸವೇಶ್ವರ ಜಾತ್ರೆ. ತೇರು ಎಳೆಯುವ ಸಂಜೆ ಗುಡಿ ಸುತ್ತ ಕಾಲಿಡೋಕೆ ಜಾಗ ಇರಲ್ಲ. ಆಟಿಕೆ ಅಂಗಡಿ, ದೀಪ, ತೇರಿನತ್ತ ಹಾರುವ ಉತ್ತತ್ತಿ, ನೋಡೋಕೆ ಬೇಕಾದಷ್ಟಿದೆ. ಅದರ ನಡುವೆ ಅವ್ವನ ಕೈ ತಪ್ಪಿಹೋದ ಒಂದು ಮಗು ಕಣ್ಣರಳಿಸಿ ನಿಂತಿದ್ದರೆ, ಇನ್ನೂ ಅಳೋಕೆ ಶುರು ಮಾಡದಿದ್ದರೂ, ಹತ್ತಿರದವರ ಕಣ್ಣು ಆ ಮುಖದ ಮೇಲೆ ನಿಲ್ಲುತ್ತದೆ. ಯಾಕೆ?

ಮೊದಲು ಕಾಣುತ್ತದೆ, ಆಮೇಲೆ ಭಾವನೆ ಹುಟ್ಟುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ, ಅಲ್ವಾ? ಮೆದುಳಿನಲ್ಲಿ ಇವೆರಡನ್ನೂ ಹಾಗೆ ಬಿಡಿಸಿ ಇಡೋಕೆ ಆಗಲ್ಲ. ಕಣ್ಣಿನ ಒಳಪರದೆಯಾದ ರೆಟಿನಾದ ಸಂಕೇತ, ಮೆದುಳಿನ ನಡುವಿನ ಥಲಾಮಸ್ ಅನ್ನುವ ಭಾಗ ದಾಟಿ, ತಲೆಯ ಹಿಂಭಾಗದ ವಿಷುಯಲ್ ಕಾರ್ಟೆಕ್ಸ್, ಅಂದರೆ ನೋಟದ ಕೆಲಸ ಮಾಡುವ ಮೆದುಳಿನ ಭಾಗ, ಸೇರುತ್ತದೆ. ಅಲ್ಲಿ ಗೆರೆ, ಅಂಚು ಗೊತ್ತಾಗುತ್ತವೆ, ಮುಂದಿನ ಭಾಗಗಳಲ್ಲಿ ಆಕಾರ, ಮುಖ. ತಲೆಯ ಮೇಲೆ ತಂತಿ ಇಟ್ಟು ಮೆದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಇಇಜಿಯಲ್ಲಿ ನೋಡಿದರೆ, ಮನಸ್ಸು ಕಲಕುವ ಚಿತ್ರಕ್ಕೂ ಸಾಮಾನ್ಯ ಚಿತ್ರಕ್ಕೂ ಇರುವ ವ್ಯತ್ಯಾಸ 150ರಿಂದ 300 ಮಿಲಿಸೆಕೆಂಡಿನ ಒಳಗೇ ತಲೆಯ ಹಿಂಭಾಗದಲ್ಲಿ ಕಾಣಿಸುತ್ತದೆ. ಸುಮಾರು 400 ಮಿಲಿಸೆಕೆಂಡಿನ ಹೊತ್ತಿಗೆ ಇನ್ನೊಂದು ದೊಡ್ಡ ಅಲೆ ಏಳುತ್ತದೆ, ಚಿತ್ರ ಕಣ್ಣೆದುರು ಇರುವಷ್ಟು ಹೊತ್ತೂ ಅದು ಉಳಿಯಬಹುದು. ಭಯಕ್ಕೆ ಮಾತ್ರ ಹೀಗಾಗುತ್ತದೆ ಅಂತಲ್ಲ, ನಮ್ಮವರ ಮುಖ ಕಂಡರೂ ಈ ಅಲೆ ಜಾಸ್ತಿಯಾಗುತ್ತದೆ.

ಅಪಘಾತದ ಫೋಟೋವನ್ನು ಮಸುಕು ಮಾಡದೆ ವಾಟ್ಸ್ಯಾಪ್ ಗ್ರೂಪಿಗೆ ಹಾಕಿ "ಬೇಡ ಅಂದ್ರೆ ನೋಡಬೇಡಿ" ಅನ್ನುವವರ ಮೇಲೆ ನನಗೆ ಸಿಟ್ಟು ಬರೋದು ಇದಕ್ಕೇ. ಬೇಡ ಅಂತ ತೀರ್ಮಾನಿಸುವ ಹೊತ್ತಿಗೆ ಮೆದುಳು ಅದನ್ನು ನೋಡಿ ಆಗಿರುತ್ತದೆ.

ಮನಸ್ಸು ಕಲಕುವ ನೋಟಕ್ಕೆ ಹೀಗೆ ಒತ್ತು ಕೊಡುವ ಕೆಲಸದಲ್ಲಿ ಅಮಿಗ್ಡಲಾದ ಪಾತ್ರ ದೊಡ್ಡದು. ಮೆದುಳಿನ ಒಳಗೆ ಎಡಕ್ಕೊಂದು ಬಲಕ್ಕೊಂದು ಇರುವ, ಬಾದಾಮಿಯಂಥ ಸಣ್ಣ ಭಾಗ ಅದು. ಕಣ್ಣಿನ ಸುದ್ದಿ ಅದಕ್ಕೆ ಬಂದು ಸೇರುತ್ತದೆ, ಜೊತೆಗೆ ಅಲ್ಲಿಂದ ವಿಷುಯಲ್ ಕಾರ್ಟೆಕ್ಸ್ ಕಡೆಗೆ ನರತಂತುಗಳು ವಾಪಸ್ಸೂ ಹೋಗುತ್ತವೆ. ಹೆದರಿದ ಮುಖ ಕಂಡಾಗ ಮುಖ ಗುರುತಿಸುವ ಭಾಗದ ಚಟುವಟಿಕೆ ಸಾಮಾನ್ಯವಾಗಿ ಏರುತ್ತದೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಮಿಗ್ಡಲಾಕ್ಕೆ ಹಾನಿಯಾದವರಲ್ಲಿ ಈ ಏರಿಕೆ ಕಾಣಲಿಲ್ಲ. ಅವರ ಮುಖ ಗುರುತಿಸುವ ಭಾಗಕ್ಕೆ ಏನೂ ಆಗಿರಲಿಲ್ಲ, ಅಮಿಗ್ಡಲಾದಿಂದ ಬರಬೇಕಾದ ಒತ್ತು ಮಾತ್ರ ಬರುತ್ತಿರಲಿಲ್ಲ. ಅದೇ ವರ್ಷದ ಇನ್ನೊಂದು ಪ್ರಯೋಗದಲ್ಲಿ ಹೆದರಿ ಅಗಲವಾದ ಕಣ್ಣಿನ ಬಿಳಿ ಭಾಗವನ್ನಷ್ಟೇ, ನೋಡುವವರ ಅರಿವಿಗೇ ಬರದಂತೆ ಸುಮಾರು 17 ಮಿಲಿಸೆಕೆಂಡು ತೋರಿಸಿದರು. ಅಷ್ಟಕ್ಕೇ ಅಮಿಗ್ಡಲಾ ಚುರುಕಾಯಿತು.

ನನ್ನನ್ನು ಬಹಳ ಕಾಡಿದ್ದು ಸಂಶೋಧಕರು ಎಸ್.ಎಂ. ಅಂತ ಕರೆಯುವ ಅಮೆರಿಕದ ಮಹಿಳೆಯ ಕಥೆ. ಅಪರೂಪದ ಕಾಯಿಲೆಯಿಂದ ಅವರ ಎರಡೂ ಅಮಿಗ್ಡಲಾ ಹಾಳಾಗಿವೆ. ಕಣ್ಣು ಸರಿಯಿದೆ, ಆದರೆ ಎದುರಿನ ಮುಖದಲ್ಲಿ ಭಯ ಇದ್ದರೆ ಗುರುತು ಹಿಡಿಯೋಕೆ ಆಗಲ್ಲ. ಅವರು ಮುಖದಲ್ಲಿ ಎಲ್ಲಿ ನೋಡುತ್ತಾರೆ ಅಂತ ಮೆದುಳು ವಿಜ್ಞಾನಿ ರಾಲ್ಫ್ ಅಡಾಲ್ಫ್ಸ್ ಮತ್ತು ಸಂಗಡಿಗರು ಅಳೆದು ನೋಡಿ 2005ರಲ್ಲಿ ಪ್ರಕಟಿಸಿದರು: ಎಸ್.ಎಂ. ಅವರ ನೋಟ ತಾನಾಗಿ ಎದುರಿನವರ ಕಣ್ಣಿನ ಕಡೆ ಹೋಗುತ್ತಲೇ ಇರಲಿಲ್ಲ. "ಕಣ್ಣು ನೋಡಿ" ಅಂತ ಹೇಳಿದಾಗ ಭಯವನ್ನು ಬೇರೆಯವರಷ್ಟೇ ಚೆನ್ನಾಗಿ ಗುರುತಿಸಿದರು. ಹೇಳೋದು ನಿಲ್ಲಿಸಿದರೆ ಮತ್ತೆ ಮೊದಲಿನಂತೆಯೇ. ಅಂದರೆ ಅಮಿಗ್ಡಲಾ ಭಯವನ್ನು ಅಳೆಯುವುದರ ಜೊತೆಗೆ, ಎಲ್ಲಿ ನೋಡಬೇಕು ಅಂತಲೂ ಕಣ್ಣಿಗೆ ಹೇಳುತ್ತಿರುತ್ತದೆ.